ಅವ್ವನಿಗೆ ಏಳು ತಿಂಗಳು

ಶ್ರೀನಿವಾಸಪುರದ ಅಬ್ದುಲ್ ರಜಾಕ್ ಸಾಬರಿಗೆ ಮಾತಾಡಲು ಮೂರು ಭಾಷೆ ಬರುತ್ತದೆ. ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ. ಬೈಯುವಾಗ ಮೂರನ್ನೂ ಬೆರೆಸುತ್ತಾರೆ. ಓದಲು ಬರುವುದು ಮಾತ್ರ ಉರ್ದು ಒಂದೇ, ಅದೂ ತಡವರಿಸಿಕೊಂಡು. ಮುಳಬಾಗಿಲಿನ ಉರ್ದು ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಕೂತು ಎದ್ದವರು ಮಾಮನ ಲಾರಿಗೆ ಕ್ಲೀನರಾಗಿ ಹತ್ತಿದರು. ಈಗ ಅರವತ್ತರ ಹತ್ತಿರ ಬಂದಿದ್ದಾರೆ, ಗಾಡಿಯಿಂದ ಇನ್ನೂ ಇಳಿದಿಲ್ಲ.

ಕನ್ನಡ ಅಕ್ಷರವನ್ನು ಅವರಿಗೆ ಯಾರೂ ಕಲಿಸಲಿಲ್ಲ. ಆದರೆ ಊರಿನ ಬೋರ್ಡು ಗೊತ್ತಾಗದ ಡ್ರೈವರನಿಗೆ ಅನ್ನ ಹುಟ್ಟುತ್ತದೆಯೇ? ಅದಕ್ಕೇ ಅವರು ಬೋರ್ಡುಗಳನ್ನು ನೆಂಟರ ಮುಖದ ಹಾಗೆ ಗುರುತಿಟ್ಟುಕೊಂಡಿದ್ದರು. ಕೋಲಾರ ಗಿಡ್ಡ. ಮಾಲೂರೂ ಗಿಡ್ಡವೇ, ಆದರೆ ಬಾಲ ಜಾಸ್ತಿ. ಮುಳಬಾಗಿಲು ಉದ್ದ. ಶ್ರೀನಿವಾಸಪುರ ಅದಕ್ಕಿಂತ ಉದ್ದ, ಮುಂದುಗಡೆ ಒಂದು ಜುಟ್ಟು ಬೇರೆ. ಎಳೆಯ ವಯಸ್ಸಿನಲ್ಲಿ ಒಮ್ಮೆ ಸುಗಟೂರಿಗೆ ಹೋಗಬೇಕಿದ್ದ ಮದುವೆ ದಿಬ್ಬಣವನ್ನು ಬಾಲ ಒಂದೇ ಥರ ಇದೆಯೆಂದು ಲಕ್ಕೂರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲೂ ಒಂದು ಮದುವೆ ನಡೆಯುತ್ತಿತ್ತು. ದಿಬ್ಬಣದವರು ಹೊಟ್ಟೆ ತುಂಬ ಉಂಡು, ಹಸೆಮಣೆಯ ಮೇಲಿದ್ದ ಹುಡುಗನನ್ನು ನೋಡಿದ ಮೇಲೆಯೇ ಗಲಾಟೆ ಶುರುಮಾಡಿದ್ದು.

ಈಗ ಅವರು ನರಸಾಪುರದ ಒಂದು ಕಂಪನಿಯ ಬಸ್ಸು ಓಡಿಸುತ್ತಾರೆ. ಬೆಳಿಗ್ಗೆ ಶ್ರೀನಿವಾಸಪುರದಿಂದ ಹೆಂಗಸರನ್ನು ತುಂಬಿಕೊಂಡು ಕೋಲಾರ ದಾಟಿ ಕಂಪನಿಯಲ್ಲಿ ಇಳಿಸುವುದು, ಶಿಫ್ಟು ಮುಗಿಯುವವರೆಗೆ ಪಾರ್ಕಿಂಗಿನಲ್ಲಿ ನಿದ್ದೆ ಹೊಡೆಯುವುದು, ಸಂಜೆ ಎಲ್ಲರನ್ನೂ ವಾಪಸು ತಂದು ಬಿಡುವುದು. ಅವರ ಬಸ್ಸಿನಲ್ಲಿ ಒಂದೇ ಕಾನೂನು: ಯಾರ ಫೋನೂ ಕಿರುಚಬಾರದು. ಮೊದಮೊದಲು ಬಸ್ಸಿನ ತುಂಬ ಫೋನುಗಳು ಒಂದೊಂದು ಹಾಡನ್ನು ಒಟ್ಟಿಗೇ ಒದರಿ ಅವರ ತಲೆ ಚಿಟ್ಟು ಹಿಡಿಸಿದ್ದವು. "ಕಿರುಚೋದಿದ್ರೆ ಬಸ್ಸಿಳಿದು ಕಿರುಚ್ಕೊಳ್ರಮ್ಮ" ಎಂದು ಒಂದು ದಿನ ಗಾಡಿ ನಿಲ್ಲಿಸಿಯೇಬಿಟ್ಟರು. ಅಂದಿನಿಂದ ಬಸ್ಸು ಮಸೀದಿಯಷ್ಟು ಶಾಂತ.

ಆ ಶಾಂತಿಯೊಳಕ್ಕೆ ಪುಸ್ತಕ ಬಂದದ್ದು ರಂಗೋಲಿಯ ದೆಸೆಯಿಂದ. ಬಸ್ಸಿನಲ್ಲಿ ಬರುವ ಮೌನಿಕಾ ಎಂಬ ಹುಡುಗಿ ಕಂಪನಿಯ ರಾಜ್ಯೋತ್ಸವದಲ್ಲಿ ರಂಗೋಲಿಗೆ ಮೊದಲ ಬಹುಮಾನ ಗೆದ್ದಳು. ಎರಡನೆಯವಳಿಗೆ ಸ್ಟೀಲ್ ಡಬ್ಬಿ ಕೊಟ್ಟರು, ಮೂರನೆಯವಳಿಗೆ ಬಕೆಟ್ಟು ಕೊಟ್ಟರು. ಇವಳಿಗೆ ಒಂದು ಪುಸ್ತಕ. "ಹಳೇ ಕಾದಂಬರಿ ಕಣಮ್ಮ, ಶ್ರೇಷ್ಠ ಕೃತಿ, ಎಲ್ಲರೂ ಓದ್ಲೇಬೇಕು" ಎಂದು ಕೊಟ್ಟ ಅಧಿಕಾರಿ ಹೇಳಿದರು. ಅವರು ಓದಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಮೌನಿಕಾ ವಾರಗಟ್ಟಲೆ ಆ ಬಕೆಟ್ಟನ್ನು ನೆನೆದು ಕೊರಗಿದಳು.

ಆಮೇಲೊಂದು ದಿನ ಕೋಲಾರದ ಹತ್ತಿರ ಟೊಮೆಟೊ ಲಾರಿ ಮಗುಚಿ, ರಸ್ತೆ ತುಂಬ ಕೆಂಪು ರಸ ಹರಿದು, ಬಸ್ಸು ನಿಂತಲ್ಲೇ ನಿಂತಿತು. ಮೌನಿಕಾ ಬೇಜಾರಿಗೆ ಬ್ಯಾಗಿನಿಂದ ಪುಸ್ತಕ ತೆಗೆದಳು.

"ಚಾಚಾ, ಪುಸ್ತಕ ಓದ್ಬೋದಾ?"

"ಅದೇನು ಕಿರುಚುತ್ತಾ? ಓದ್ಕೊ" ಎಂದರು ರಜಾಕ್ ಸಾಬರು.

ಮೌನಿಕಾಳಿಗೆ ಮನಸ್ಸಿನಲ್ಲಿ ಓದಿ ಅಭ್ಯಾಸವಿಲ್ಲ. ಶಾಲೆಯಲ್ಲಿ ಎದ್ದು ನಿಂತು ಓದಿದ ಹಾಗೆ ಗಟ್ಟಿಯಾಗಿ ಶುರುಮಾಡಿದಳು: "ಅವ್ವ ಬೆಳಗಾಗುವ ಮೊದಲೇ ಹುಣಸೆಮರ ಹತ್ತಿ ಕೂತಿದ್ದಳು. ಅಪ್ಪ ಕೆಳಗೆ ನಿಂತು, ಇಳಿದು ಬಾ ಎಂದು ಬೇಡಿಕೊಳ್ಳುತ್ತಿದ್ದ."

ಇಡೀ ಬಸ್ಸಿನ ಕಿವಿ ನೆಟ್ಟಗಾಯಿತು. ಇಲ್ಲಿ ಓದುಗರಿಗೆ ಒಂದು ಮಾತು ಹೇಳಲೇಬೇಕು. ಆ ಕಾದಂಬರಿ ಬರೆದವರ ಊರಿನಲ್ಲಿ ಅವ್ವ ಎಂದರೆ ಹೆತ್ತ ತಾಯಿ. ಆದರೆ ಆಂಧ್ರದ ಗಡಿಗೆ ಬೆನ್ನು ಒರಗಿಸಿಕೊಂಡಿರುವ ನಮ್ಮ ಈ ಕಡೆ, ಮನೆಯಲ್ಲಿ ತೆಲುಗಾಡುವವರಿಗೆ ಅವ್ವ ಎಂದರೆ ಅಜ್ಜಿ. ಬಸ್ಸಿನ ಹೆಂಗಸರೆಲ್ಲ ಅಂಥವರೇ, ಬೀದಿಯಲ್ಲಿ ತೆಲುಗು ಕಲಿತ ರಜಾಕ್ ಸಾಬರಿಗೂ ಅವ್ವ ಅಜ್ಜಿಯೇ. ಹಾಗಾಗಿ ಅವರಿಗೆ ಕಂಡದ್ದು ನಸುಕಿನಲ್ಲಿ ಹುಣಸೆಮರದ ಮೇಲೆ ಕಚ್ಚೆ ಬಿಗಿದು ಕೂತ ಒಬ್ಬ ಮುದುಕಿ! ಪುಸ್ತಕದಲ್ಲಿ ಎಲ್ಲೂ ಅವಳ ವಯಸ್ಸು ಬರೆದಿರಲಿಲ್ಲ. ಎಪ್ಪತ್ತು ಎಂದು ಬಸ್ಸೇ ತೀರ್ಮಾನಿಸಿತು. ಬಿಳಿ ಕೂದಲು, ಎರಡು ಹಲ್ಲಿಲ್ಲದ ಬಾಯಿ, ಸೊಂಟದಲ್ಲಿ ಎಲೆಅಡಿಕೆ ಚೀಲ, ಇವನ್ನೆಲ್ಲ ಒಬ್ಬೊಬ್ಬರು ಒಂದೊಂದಾಗಿ ದಾನ ಕೊಟ್ಟರು.

"ಓರಿ ದೇವುಡಾ, ಈ ವಯಸ್ಸಲ್ಲಿ ಮರ ಹತ್ತಿದ್ದಾಳಾ? ಮುಂದೆ ಓದೇ" ಎಂದಳು ಗಂಗಾಲಕ್ಷ್ಮಿ. ಅವಳು ಸುಗಟೂರಿನ ಕಡೆಯಿಂದ ಹತ್ತುವ ಹೆಂಗಸು, ಬಸ್ಸಿನ ಬಾಯಿ.

ಟೊಮೆಟೊ ಎತ್ತಿ ರಸ್ತೆ ಬಿಟ್ಟುಕೊಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ಹಿಂದಿನ ಗಾಡಿಗಳು ಹಾರನ್ ಹೊಡೆದು ಹೊಡೆದು ಸುಸ್ತಾದ ಮೇಲೆ ರಜಾಕ್ ಸಾಬರು ಗೇರು ಹಾಕಿದರು.

ಅಂದಿನಿಂದ ದಿನಾ ಓದು. ಎಂಥಾ ಅವ್ವ ಅದು! ಎಮ್ಮೆಯ ಕೊಂಬು ಹಿಡಿದು ಜಗ್ಗಿದಳು. ಹೊಳೆ ಈಜಿ ದಾಟಿದಳು. ಶ್ಯಾನುಭೋಗರ ಮನೆಯ ಮುಂದೆ ನಿಂತು ಅವರ ಏಳು ತಲೆಮಾರನ್ನು ಬೈದಳು. ಆದರೆ ಹೆಂಗಸರ ಕರುಳು ಕಿವುಚಿದ್ದು ಅಪ್ಪನ ನಡತೆ. ಕಾದಂಬರಿಯಲ್ಲಿ ಕತೆ ಹೇಳುವ ಹುಡುಗನಿಗೆ ತಾಯಿಯಿಲ್ಲ, ಅವ್ವನೂ ಅಪ್ಪನೂ ಸಾಕುತ್ತಿದ್ದಾರೆ ಎಂದು ಇವರ ಲೆಕ್ಕ. ಅಪ್ಪ ಅವ್ವನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅವಳು ಮುನಿಸಿಕೊಂಡರೆ ತಾನೇ ಮುದ್ದೆ ತಿರುವಿ ಉಣ್ಣಿಸುತ್ತಿದ್ದ. ಸಂತೆಯಿಂದ ಬರುವಾಗ ಅವಳಿಗೆ ಹಸಿರು ಬಳೆ ತಂದು ಕೈಹಿಡಿದು ತೊಡಿಸಿದ.

"ತಾಯಿಗೆ ಬಳೆ ತರೋ ಮಗ ಕಣೇ! ಇಂಥೋನ್ನ ಎಲ್ಲಾದ್ರೂ ನೋಡಿದ್ದೀರಾ?" ಎಂದು ಗಂಗಾಲಕ್ಷ್ಮಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅತ್ತೆಯ ಜೊತೆ ಮಾತು ಬಿಟ್ಟಿದ್ದವಳು ಆವತ್ತು ಅತ್ತೆಗೆ ಕೋಡುಬಳೆ ತೆಗೆದುಕೊಂಡು ಹೋದಳು.

ರಜಾಕ್ ಸಾಬರು ತಿರುಗಿ ನೋಡುವಂತಿರಲಿಲ್ಲ, ಕೈ ಸ್ಟಿಯರಿಂಗಿನ ಮೇಲೆ. ಆದರೆ ಎಲ್ಲರಿಗಿಂತ ಹೆಚ್ಚು ಕೇಳಿದವರು ಅವರೇ. ಸಂಜೆ ಮನೆಗೆ ಬಂದು, ಚಹಾ ಲೋಟ ಕೈಗೆ ಬರುವ ಮೊದಲೇ ಹೆಂಡತಿ ರಹಮತುನ್ನೀಸಾಗೆ ಕತೆಯನ್ನು ಒಪ್ಪಿಸುತ್ತಿದ್ದರು. ಅವರ ಮನೆಯ ಮಾತು ದಖನಿ, ನಾನು ಕನ್ನಡದಲ್ಲೇ ಹೇಳುತ್ತಿದ್ದೇನೆ. ಅಲ್ಲಿ ಅವ್ವ ದಾದಿ, ಅಂದರೆ ಅಪ್ಪನ ತಾಯಿ, ಆದಳು. ರಹಮತುನ್ನೀಸಾ ಕತೆಯನ್ನು ಕೇಳಿ ಮಗ ಬಿಲಾಲನಿಗೆ ಚುಚ್ಚಿದರು: "ನೋಡು, ಅವನು ತಾಯಿಗೆ ಬಳೆ ತಂದ. ನೀನು ನನಗೆ ತರೋದು ಒಗೆಯೋ ಬಟ್ಟೆ." ಟೈರ್ ಅಂಗಡಿ ಇಟ್ಟಿದ್ದ ಬಿಲಾಲ್ ಮರುದಿನ ಮುಖ ಊದಿಸಿಕೊಂಡೇ ಬಳೆ ತಂದುಕೊಟ್ಟ. ಅಳತೆ ಅವನ ಹೆಂಡತಿಯದಾಗಿತ್ತು, ಅದರ ಜಗಳ ಬೇರೆ.

ಅವ್ವ ಬಾವಿಗೆ ಬಿದ್ದ ದಿನ ಬಸ್ಸು ತುಂಬ ತಡವಾಯಿತು. ಅವಳನ್ನು ಮೇಲೆತ್ತುವ ತನಕ ರಜಾಕ್ ಸಾಬರು ಎರಡನೇ ಗೇರಿನಿಂದ ಮೇಲಕ್ಕೆ ಹೋಗಲಿಲ್ಲ. ಕಂಪನಿಯ ಗೇಟಿನಲ್ಲಿ ಬಸ್ಸುಗಳ ಉಸ್ತುವಾರಿ ಶಿವಕುಮಾರ್ ಕೈಗಡಿಯಾರ ತೋರಿಸುತ್ತ ನಿಂತಿದ್ದ.

"ಯಾಕ್ರೀ ಲೇಟು?"

ರಜಾಕ್ ಸಾಬರ ಕಣ್ಣಿನಲ್ಲಿ ಇನ್ನೂ ನೀರಿತ್ತು. "ಅವ್ವ ಬಾವಿಗೆ ಬಿದ್ಬಿಟ್ಲು ಸಾರ್" ಎಂದುಬಿಟ್ಟರು.

"ಅಯ್ಯಯ್ಯೋ! ನಿಮ್ಗೆ ಅವ್ವ ಇನ್ನೂ ಇದಾರಾ? ನೂರು ದಾಟಿರ್ಬೇಕಲ್ರೀ!"

"ಈಗ ಪರವಾಗಿಲ್ಲ ಸಾರ್. ಹಗ್ಗ ಕಟ್ಟಿ ಎತ್ತಿದ್ರು. ಮೇಲೆ ಬಂದೋಳೇ ಎಲ್ಲರ್ನೂ ಬೈದ್ಲು."

ಶಿವಕುಮಾರನಿಗೆ ಮೈ ಜುಮ್ಮೆಂದಿತು. "ಹಳೇ ಕಾಲದ ಊಟ ಕಣ್ರೀ, ಅದಕ್ಕೇ ಆ ಗಟ್ಟಿ" ಎಂದು ಭುಜ ತಟ್ಟಿ ಒಳಗೆ ಬಿಟ್ಟ.

ಹೀಗೆ ಎಲ್ಲವೂ ಚೆನ್ನಾಗಿ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಮೌನಿಕಾ ಹೊಸ ಅಧ್ಯಾಯ ತೆಗೆದಳು: "ಅವ್ವನಿಗೆ ಆಗ ಏಳು ತಿಂಗಳು."

"ಏನು ಏಳು ತಿಂಗಳು? ಬಾಡಿಗೆನಾ?" ಎಂದಳು ಗಂಗಾಲಕ್ಷ್ಮಿ.

ಮೌನಿಕಾ ಮುಂದೆ ಓದಿದಳು: "ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನೋಡು, ನಿನ್ನ ತಂಗಿಯೋ ತಮ್ಮನೋ ಒದೆಯುತ್ತಿದೆ ಎಂದಳು."

ಬಸ್ಸು ಗಕ್ಕನೆ ನಿಂತಿತು. ಹಿಂದಿನ ಸೀಟಿನಿಂದ ಯಾರದೋ ಊಟದ ಡಬ್ಬಿ ಉರುಳಿಕೊಂಡು ಬಂದು ಗೇರಿಗೆ ಬಡಿಯಿತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಲೋಕದಲ್ಲಿದ್ದಾರೆ. ಈ ಬಸ್ಸಿನವರು ಅಷ್ಟು ದಡ್ಡರಲ್ಲ. ಎತ್ತು ಹೇಗೆ ಈಯಿತು, ಯಾವಾಗ ಈಯಿತು, ಕಾರಣ ಯಾರು ಎಂದು ವಿಚಾರಿಸುವವರು.

"ಎಪ್ಪತ್ತು ವರ್ಷಕ್ಕಾ?" ಎಂದು ಒಬ್ಬಳು ಪಿಸುಗುಟ್ಟಿದಳು.

"ವಯಸ್ಸು ಹಾಳಾಗ್ಲಿ. ಕತೇಲಿ ತಾತಾನೇ ಇಲ್ವಲ್ಲೇ!" ಎಂದಳು ಗಂಗಾಲಕ್ಷ್ಮಿ.

ಆ ಮಾತಿನ ಅರ್ಥ ಒಬ್ಬೊಬ್ಬರಿಗೇ ಹೊಳೆಯುತ್ತ ಹೋದ ಹಾಗೆ ಒಬ್ಬೊಬ್ಬರೇ ಕಿಟಕಿಯ ಹೊರಗೆ ನೋಡತೊಡಗಿದರು. ಮೌನಿಕಾಳ ಮುಖ ಮೆಣಸಿನಕಾಯಿಯಾಗಿತ್ತು. ಪುಸ್ತಕವನ್ನು ಪಟ್ಟನೆ ಮುಚ್ಚಿ, "ಇದನ್ನ ಮನೇಲಿ ಇಟ್ಕೊಳ್ಳೋಕೂ ಭಯ ಆಗುತ್ತೆ. ಚಾಚಾ, ನೀವೇ ಯಾರಿಗಾದ್ರೂ ಕೊಟ್ಬಿಡಿ" ಎಂದು ಅವರ ಸೀಟಿನ ಪಕ್ಕ ಇಟ್ಟು, ಕಂಪನಿ ಬಂದೊಡನೆ ಇಳಿದುಹೋದಳು. ಓದು ನಿಂತಿತು.

ಸಂಜೆ ರಜಾಕ್ ಸಾಬರು ಹೆಂಡತಿಗೆ ಹೇಳಬೇಕೋ ಬೇಡವೋ ಎಂದು ಚಹಾ ಆರುವ ತನಕ ಯೋಚಿಸಿ, ಕೊನೆಗೆ ಹೇಳಿದರು. ರಹಮತುನ್ನೀಸಾ "ತೋಬಾ ತೋಬಾ" ಎಂದು ಎರಡೂ ಕೆನ್ನೆಗೆ ಬಡಿದುಕೊಂಡರು. "ನಕ್ಕೋ ಜೀ, ಇಂಥ ಕತೆ ಈ ಮನೆಗೆ ತರ್ಬೇಡಿ" ಎಂದರು. ಪಾತ್ರೆ ತೊಳೆಯಲು ಹೋದರು. ತೊಳೆಯುವ ಸದ್ದು ನಡುವೆ ನಿಂತಿತು.

"ಆದ್ರೂ ಪಾಪ, ಜೀ. ಆ ವಯಸ್ಸಲ್ಲಿ ಹೆರಿಗೆ ಅಂದ್ರೆ... ಬದುಕ್ತಾಳಾ?"

ರಜಾಕ್ ಸಾಬರ ಎದೆಯಲ್ಲಿ ಬೆಳಿಗ್ಗೆಯಿಂದ ಕುಟ್ಟುತ್ತಿದ್ದದ್ದೂ ಅದೇ. ಯಾರದು, ಹೇಗೆ ಎಂಬುದೆಲ್ಲ ಅವರಿಗೆ ಬೇಡವಾಗಿತ್ತು. ಬಾವಿಗೆ ಬಿದ್ದು ಎದ್ದು ಬೈದ ಆ ಮುದುಕಿ ಹೆರಿಗೆಯಲ್ಲಿ ಸತ್ತುಹೋದರೆ? ನಿಜವಾಗಿ ಹೇಳುತ್ತೇನೆ, ಅವರಿಗೆ ಅನ್ನ ಸೇರಲಿಲ್ಲ. ಯಾರನ್ನಾದರೂ ಓದಲು ಕೇಳೋಣವೆಂದರೆ ನಾಚಿಕೆ. ಮಗನ ಕೈಗೆ ಕೊಟ್ಟು, ಮುದುಕಿಯ ಬಸಿರಿನ ಕತೆ ಓದಪ್ಪ ಎನ್ನಲಾಗುತ್ತದೆಯೇ? ಶಿವಕುಮಾರನನ್ನು ಕೇಳಿದರೆ ಅವನು ಬೇರೆ ಏನಾದರೂ ತಿಳಿದುಕೊಳ್ಳುತ್ತಾನೆ.

ಮರುದಿನ ಪಾರ್ಕಿಂಗಿನಲ್ಲಿ ಅವರಿಗೆ ಒಂದು ಉಪಾಯ ಹೊಳೆಯಿತು. ಮೌನಿಕಾ ಎಂದೋ ಬೆರಳಿಟ್ಟು ತೋರಿಸಿದ್ದರಿಂದ ಅವ್ವ ಎಂಬ ಪದದ ಮುಖ ಅವರಿಗೆ ಗೊತ್ತಿತ್ತು. ಅದು ಕೊನೆಯ ಹಾಳೆಯಲ್ಲಿ ಇದ್ದರೆ ಅವಳು ಬದುಕಿದ್ದಾಳೆ ಎಂದು ಅರ್ಥ ತಾನೇ? ಹಿಂದಿನಿಂದ ತೆಗೆದು ನೋಡಿದರೆ, ಇದೆ! ಕೊನೆಯ ಸಾಲಿನಲ್ಲೇ ಇದೆ! ಖುಷಿಯಲ್ಲಿ ಅವತ್ತು ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋದರು.

ರಹಮತುನ್ನೀಸಾ ಜಿಲೇಬಿ ತಿನ್ನುತ್ತಲೇ ಹೇಳಿದರು: "ಸತ್ತೋರ ಹೆಸರನ್ನೂ ಹೇಳ್ತಾರಲ್ಲ ಜೀ. ನನ್ನ ಅಮ್ಮ ಹೋಗಿ ಎಷ್ಟು ವರ್ಷ ಆಯ್ತು, ದಿನಾ ಹೇಳಲ್ವಾ ನಾನು?"

ರಜಾಕ್ ಸಾಬರ ಕೈಯಲ್ಲಿದ್ದ ಜಿಲೇಬಿ ತಟ್ಟೆಗೆ ಮರಳಿತು. ಇನ್ನು ಓದದೆ ದಾರಿಯಿರಲಿಲ್ಲ.

ಓದುವುದು ಹೇಗೆ? ಅವರಿಗೆ ಗೊತ್ತಿದ್ದದ್ದು ಊರುಗಳು. ಊರುಗಳನ್ನೇ ಬಿಚ್ಚಿ ಹಾಕಿದರು, ಮೆಕ್ಯಾನಿಕ್ಕು ಇಂಜಿನ್ ಬಿಚ್ಚಿದ ಹಾಗೆ. ಕೋಲಾರದಿಂದ ಕೋ, ಲಾ, ರ. ಮಾಲೂರಿನಿಂದ ಮಾ, ಲೂ, ರು. ಮುಳಬಾಗಿಲು ಒಂದರಿಂದಲೇ ಐದು ಸಿಕ್ಕಿದವು, ಹುಟ್ಟೂರು ಎಂದರೆ ಹಾಗೆ. ಪುಸ್ತಕದಲ್ಲಿ ಒಂದು ಅಕ್ಷರ ಕಂಡರೆ, ಇದು ಯಾವ ಊರಿನವನು ಎಂದು ಕೇಳಿಕೊಳ್ಳುವರು. ಸಾ ಬಂದರೆ ನರಸಾಪುರದವನು, ಕ್ಕೂ ಬಂದರೆ ಲಕ್ಕೂರಿನವನು. ಹೀಗೆ ಒಂದು ಸಾಲು ಮುಗಿಯುವುದರೊಳಗೆ ಜಿಲ್ಲೆ ಸುತ್ತಿ ಬಂದಷ್ಟು ಸುಸ್ತು.

ಊರಿನಲ್ಲಿ ಸಿಗದ ಅಕ್ಷರಗಳಿಗೆ ಮೊಮ್ಮಗಳು ಸಾದಿಯಾಳ ಕತೆಪುಸ್ತಕ ಹಿಡಿದರು. ಬಿಲಾಲನ ಮಗಳಾದ ಅವಳು ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸು. ಪುಸ್ತಕದಲ್ಲಿ ಒಂದು ಆನೆ ಚಪ್ಪಲಿ ಕೊಳ್ಳಲು ಪೇಟೆಗೆ ಹೊರಡುತ್ತದೆ. ಅಂಗಡಿಯವನು ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲ ಎನ್ನುತ್ತಾನೆ. ಮಕ್ಕಳ ಕತೆ ತಾನೇ ಎಂದು ಉಡಾಫೆಯಿಂದ ಶುರುಮಾಡಿದ ರಜಾಕ್ ಸಾಬರು, ಮುಂದಿನ ಕಾಲಿಗೆ ಹಾಕಿಕೊಳ್ಳುತ್ತದೋ ಹಿಂದಿನ ಕಾಲಿಗೋ ಎಂಬಲ್ಲಿಗೆ ಬರುವಾಗ ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು.

"ದಾದಾ, ಅದು ಮ ಅಲ್ಲ, ವ. ಎಷ್ಟು ಸಲ ಹೇಳ್ಕೊಡೋದು?" ಎಂದು ಸಾದಿಯಾ ಪುಸ್ತಕ ಕಿತ್ತುಕೊಂಡು ಹೋದಳು. ಆನೆಯ ಹಿಂಗಾಲಿನ ಗತಿ ಏನಾಯಿತೆಂದು ತಿಳಿಯಲು ಅವರು ಅವಳಿಗೆ ಕಡಲೆಮಿಠಾಯಿ ಲಂಚ ಕೊಡಬೇಕಾಯಿತು.

ಕೊನೆಗೆ ಕಾದಂಬರಿಯಲ್ಲಿ ಆ ಜಾಗ ಬಂತು. ಅಧ್ಯಾಯದ ಕಡೆಯ ಹಾಳೆ. ಮೊದಲ ಪದವೇ ಗೊತ್ತಿಲ್ಲದ ಅಕ್ಷರದಿಂದ ಶುರು. ಎಲ್ಲೋ ನೋಡಿದ್ದೇನೆ, ದೊಡ್ಡದಾಗಿ ನೋಡಿದ್ದೇನೆ ಎಂದು ದಿನವಿಡೀ ತಲೆ ಕೆರೆದರು. ಸಂಜೆ ಬಸ್ಸು ಹೊರಟು ದೊಡ್ಡ ರಸ್ತೆಗೆ ಏರಿದಾಗ ಎದುರಿಗೇ ಇತ್ತು: ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಯ ಹೆ! ಅದರದೇ ರಿ! ಇನ್ನೊಂದು ಬೋರ್ಡಿನಲ್ಲಿ ಬಾಣದ ಗುರುತಿನ ಪಕ್ಕ ಬೆಂಗಳೂರಿಗೆ ಎಂದಿತ್ತು, ಅದರ ಬಾಲದ ಗೆ.

"ಹೆ... ರಿ... ಗೆ. ಹೆರಿಗೆ!" ಎಂದು ಅವರು ಕೂಗಿದ ರಭಸಕ್ಕೆ ಹಿಂದೆ ತೂಕಡಿಸುತ್ತಿದ್ದ ಗಂಗಾಲಕ್ಷ್ಮಿ ಎದ್ದು ಕೂತಳು. "ಯಾರಿಗೆ ರಜಾಕಣ್ಣ? ಆಸ್ಪತ್ರೆಗೆ ತಿರುಗ್ಸಿ ಗಾಡಿ!"

"ಯಾರಿಗೂ ಇಲ್ಲಮ್ಮ, ಮಲಗು" ಎಂದರು.

ಹೆರಿಗೆ ಎಂಬುದು ಗೊತ್ತಾಯಿತು, ಆಮೇಲೆ? ಮುಂದಿನ ಪದದಲ್ಲಿ ಶ್ರೀನಿವಾಸಪುರದ ಸ ಇತ್ತು, ನರಸಾಪುರದ ಸಾ ಇತ್ತು, ಮುಳಬಾಗಿಲಿನ ಗಿ ಇತ್ತು. ನಡುವೆ ಒಂದು ಮಾತ್ರ ಸಿಗಲಿಲ್ಲ. ಪೊಲೀಸ್ ಠಾಣೆಯ ಬೋರ್ಡಿನಲ್ಲಿ ಇದೆಯೇನೋ ಎಂಬ ಅನುಮಾನ ಬಂದು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಠಾಣೆಯ ಮುಂದೆ ಹೋಗಿ ನಿಂತು, ಮೇಲೆ ನೋಡುವುದು, ಕೆಳಗೆ ನೋಡುವುದು ಮಾಡತೊಡಗಿದರು. ಒಬ್ಬ ಪೇದೆ ಹೊರಗೆ ಬಂದ.

"ಏನ್ರೀ ಬೇಕಿತ್ತು?"

"ಲೀ ಬೇಕಿತ್ತು ಸಾರ್. ಸಿಕ್ತು" ಎಂದು ಸಲಾಂ ಹೊಡೆದು ಹೊರಟುಬಿಟ್ಟರು. ಪೇದೆ ಅವರು ರಸ್ತೆಯ ತಿರುವು ದಾಟುವ ತನಕ ನೋಡುತ್ತ ನಿಂತಿದ್ದ.

ಸಲೀಸಾಗಿ. ಹೆರಿಗೆ ಸಲೀಸಾಗಿ ಆಯಿತು! ಮುಂದೆ ಒಂದೇ ಪದದ ಸಾಲು. ಮಾವಿನ ಮಂಡಿಗಳ ಊರಿನವರಾದ್ದರಿಂದ ಅವರಿಗೆ ಅದು ನೋಡಿದೊಡನೆ ಹಣ್ಣು ಎಂದು ಓದಿಸಿಕೊಂಡಿತು. ಅವ್ವ ಹಣ್ಣು ಹೆತ್ತಳೇ? ಇಷ್ಟೆಲ್ಲ ಆದ ಮೇಲೆ ಅದೂ ಆಗಬಹುದು ಎಂದು ಅವರು ಒಂದು ಗಳಿಗೆ ನಂಬಿದರು ಕೂಡ. ಕನ್ನಡಕ ಒರೆಸಿಕೊಂಡು ನೋಡಿದರೆ ಹೆದ್ದಾರಿಯ ಹೆ. ಹೆಣ್ಣು. ಅದರ ಕೆಳಗೆ: "ಅವ್ವ ಕಣ್ಣು ತೆರೆದು ನೀರು ಕೇಳಿದಳು." ನೀರು ಎಂಬುದು ಕುಡಿಯುವ ನೀರಿನ ಟ್ಯಾಂಕಿನ ಮೇಲಿಂದ ಇಡೀ ಪದವೇ ಗೊತ್ತಿತ್ತು.

ನೀರು ಕೇಳಿದಳು ಎಂದರೆ ಬದುಕಿದ್ದಾಳೆ. ರಜಾಕ್ ಸಾಬರು ಖಾಲಿ ಬಸ್ಸಿನಲ್ಲಿ ಕೂತು, ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಗಂಡಸು ಎಂಬುದನ್ನು ಮರೆತು ಅತ್ತರು. ಅವಳು ಬದುಕಿದ್ದಕ್ಕೆ ಅತ್ತದ್ದು ಅರ್ಧ. ಅದನ್ನು ತಾವೇ ಓದಿದ್ದಕ್ಕೆ ಅತ್ತದ್ದು ಇನ್ನರ್ಧ.

ಸುದ್ದಿ ಕೇಳಿದ ರಹಮತುನ್ನೀಸಾ ಒಲೆ ಹಚ್ಚಿದರು. ಒಣಶುಂಠಿ, ಬೆಲ್ಲ, ತುಪ್ಪ, ಬಾದಾಮಿ ಹಾಕಿ ಬಾಣಂತಿಗೆ ಕೊಡುವ ಲಡ್ಡು ಕಟ್ಟಿ, ಬೀದಿಯವರಿಗೆಲ್ಲ "ಎಪ್ಪತ್ತು ವರ್ಷದ ದಾದಿ ಹೆತ್ತಳು, ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ" ಎಂದು ಹಂಚಿ, ಮಿಕ್ಕದ್ದನ್ನು ಬಸ್ಸಿಗೆ ಕಳಿಸಿದರು.

ಬೆಳಿಗ್ಗೆ ಎಲ್ಲರೂ ಹತ್ತಿದ ಮೇಲೆ ರಜಾಕ್ ಸಾಬರು ಸೀಟಿನಿಂದ ಎದ್ದು ನಿಂತು ಹೇಳಿದರು: "ಅವ್ವ ಬದುಕಿದಾಳೆ. ಹೆಣ್ಣು ಮಗು."

ಬಸ್ಸು ಎದ್ದು ಕುಣಿಯಿತು. ಓದು ನಿಲ್ಲಿಸಿದವರಿಗೆಲ್ಲ ಒಳಗೊಳಗೇ ಅದೇ ಚಿಂತೆ ಇತ್ತಂತೆ. "ಯಾರದಾದ್ರೂ ಆಗ್ಲಿ, ಮಗು ಏನು ಪಾಪ ಮಾಡಿತ್ತು?" ಎಂದು ಗಂಗಾಲಕ್ಷ್ಮಿ ಲಡ್ಡು ಬಾಯಿಗಿಟ್ಟುಕೊಂಡು ನೀತಿ ಬದಲಾಯಿಸಿದಳು. ಗೇಟಿನಲ್ಲಿ ಶಿವಕುಮಾರನಿಗೂ ಒಂದು ಲಡ್ಡು ಸಿಕ್ಕಿತು.

"ಏನ್ರೀ ವಿಶೇಷ?" ಎಂದು ಬಾಯಿ ತುಂಬಿಸಿಕೊಂಡು ಕೇಳಿದ.

"ಅವ್ವನಿಗೆ ಹೆಣ್ಣು ಮಗು ಸಾರ್."

ಶಿವಕುಮಾರ್ ಅಗಿಯುವುದನ್ನು ನಿಲ್ಲಿಸಿದ. ನುಂಗಲೂ ಆಗದೆ ಉಗಿಯಲೂ ಆಗದೆ ಬಸ್ಸು ಒಳಗೆ ಹೋಗುವುದನ್ನು ನೋಡುತ್ತ ನಿಂತ. ಆ ದಿನದಿಂದ ಅವನು ರಜಾಕ್ ಸಾಬರನ್ನು ಲೇಟಿನ ವಿಷಯವಾಗಿ ಏನೂ ಕೇಳಿಲ್ಲ.

ಮೌನಿಕಾ ಮತ್ತೆ ಓದಲು ಕೂತ ವಾರವೇ ಸುನಂದ ಎಂಬ ಹೊಸ ಹುಡುಗಿ ಕೆಲಸಕ್ಕೆ ಸೇರಿ ಆ ಬಸ್ಸಿಗೆ ಬಂದಳು. ಹಾವೇರಿ ಕಡೆಯವಳು. ಕೂಸಿನ ನಾಮಕರಣದ ಭಾಗ ಕೇಳಿ ಎಲ್ಲರೂ ಅವ್ವನ ವಯಸ್ಸನ್ನು ನೆನೆದು ಬೆರಗುಪಡುತ್ತಿದ್ದಾಗ ಅವಳು ಪಕ್ಕದವಳನ್ನು ಕೇಳಿದಳು: "ಎಪ್ಪತ್ತು ಯಾಕ ಅಂತೀರಿ? ಮೂವತ್ತರ ಮ್ಯಾಲ ಇರಂಗಿಲ್ಲ ಬಿಡ್ರಿ. ಅವ್ವ ಅಂದ್ರ ಆ ಹುಡುಗನ ತಾಯಿ ಅಲ್ಲೇನ್ರಿ?"

ಬಳೆ ತಂದ ಅಪ್ಪ ಮಗನಲ್ಲ, ಗಂಡ. ಮುದ್ದೆ ಉಣ್ಣಿಸಿದವನು ಗಂಡ. ಮರದ ಕೆಳಗೆ ನಿಂತು ಬೇಡಿಕೊಂಡವನೂ ಗಂಡ. ಒಬ್ಬೊಬ್ಬರ ಮುಖದಲ್ಲೂ ಪುಸ್ತಕ ಮೊದಲ ಹಾಳೆಯಿಂದ ತಿರುವಿಕೊಂಡು ಬರುತ್ತಿರುವುದು ಕಾಣುತ್ತಿತ್ತು.

"ಹಾಗಾದ್ರೆ ನಾನು ಅತ್ತೆಗೆ ಕೋಡುಬಳೆ ಕೊಟ್ಟಿದ್ದು ಸುಮ್ನೆನಾ?" ಎಂದು ಗಂಗಾಲಕ್ಷ್ಮಿ ಹಣೆ ಚಚ್ಚಿಕೊಂಡಳು. ನಗು ಅಲ್ಲಿಂದ ಶುರುವಾಗಿ ಹಿಂದಿನ ಸೀಟಿನವರೆಗೆ ಹೋಗಿ ವಾಪಸು ಬಂತು.

ನಗದೆ ಇದ್ದವರು ಒಬ್ಬರೇ. ರಜಾಕ್ ಸಾಬರು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ಮೂವತ್ತರ ಹೆಂಗಸು ಹೆತ್ತು ಬದುಕುವುದು ಎಲ್ಲ ಊರಿನಲ್ಲೂ ಆಗುವ ಕೆಲಸ. ಅದಕ್ಕೆ ಯಾರಾದರೂ ಪೊಲೀಸ್ ಠಾಣೆಗೆ ಹೋಗಿ ಅಕ್ಷರ ತರುತ್ತಾರೆಯೇ? ತಾವು ಇಷ್ಟು ದಿನ ಜೀವ ಹಿಡಿದುಕೊಂಡು ಕಾದ ಆ ಬಿಳಿ ಕೂದಲಿನ ಮುದುಕಿ, ಸತ್ತೂ ಹೋಗದೆ, ಹಾಗೇ ಇಲ್ಲವಾಗಿಬಿಟ್ಟಳಲ್ಲ.

"ಚಾಚಾ, ಬೇಜಾರಾಯ್ತಾ?" ಎಂದಳು ಮೌನಿಕಾ.

ಅವರು ಸ್ವಲ್ಪ ಹೊತ್ತು ಸ್ಟಿಯರಿಂಗ್ ಒರೆಸಿದರು. ಆಮೇಲೆ ಸುನಂದಳ ಕಡೆ ತಿರುಗಿ ಹೇಳಿದರು: "ನಿಮ್ಮೂರಲ್ಲಿ ಅವಳಿಗೆ ಮೂವತ್ತೇ ಇರ್ಲಮ್ಮ. ನಾನು ಬೇಡ ಅನ್ನಲ್ಲ. ಆದ್ರೆ ಕೋಲಾರ ಜಿಲ್ಲೇಲಿ ಆ ಹೆರಿಗೆ ಮಾಡ್ಸಿದೋನು ನಾನು. ನಾನು ಮಾಡ್ಸಿದಾಗ ಅವಳಿಗೆ ಎಪ್ಪತ್ತಾಗಿತ್ತು."

ಪುಸ್ತಕವನ್ನು ಮೊದಲಿನಿಂದ ಮತ್ತೆ ಓದಬೇಕು, ಈ ಸಲ ತಾಯಿ ಅಂತ ಇಟ್ಟುಕೊಂಡು ಓದಬೇಕು ಎಂದು ಬಸ್ಸು ತೀರ್ಮಾನ ಮಾಡಿತು. ಒಂದು ಬಹುಮಾನಕ್ಕೆ ಎರಡು ಕಾದಂಬರಿ ಬಂತು ಎಂದು ಮೌನಿಕಾ ಮೊದಲ ಸಲ ಬಕೆಟ್ಟನ್ನು ಮರೆತಳು.

ಸಂಜೆ ರಜಾಕ್ ಸಾಬರು ಪುಸ್ತಕವನ್ನು ಮನೆಗೆ ತಂದು, ಹೆಂಡತಿಗೆ ನಿಜ ಒಪ್ಪಿಸಿದರು. ರಹಮತುನ್ನೀಸಾ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಬೀದೀಲಿ ಯಾರಿಗೂ ಹೇಳ್ಬೇಡಿ. ಲಡ್ಡು ತಿಂದಾಗಿದೆ" ಎಂದರು ಮೊದಲು. ಮತ್ತೆ ಒಂದೆರಡು ಕಡ್ಡಿ ಸೊಪ್ಪು ಬಿಡಿಸಿ, "ಆ ಕೂಸು ಹೇಗಿದೆ?"

"ನಾಮಕರಣದವರೆಗೆ ಚೆನ್ನಾಗಿತ್ತು. ಮುಂದಿಂದು ಗೊತ್ತಿಲ್ಲ. ಆ ಹುಡುಗಿ ಓದಿದಾಗ ಕೇಳ್ಕೊಂಡು ಬಂದು ಹೇಳ್ತೀನಿ."

"ಅವರು ಮೊದಲಿಂದ ಓದ್ತಾರಂತಲ್ಲ, ಅಲ್ಲಿವರೆಗೆ ಯಾರು ಕಾಯ್ತಾರೆ? ಹೆರಿಗೆ ಮಾಡ್ಸಿದೋರಿಗೆ ತೊಟ್ಟಿಲು ತೂಗೋಕೆ ಬರಲ್ವಾ? ಓದಿ ನೀವೇ."

ರಜಾಕ್ ಸಾಬರು ಕನ್ನಡಕ ಹಾಕಿಕೊಂಡು, ಚಾಪೆಯ ಮೇಲೆ ಹೆಂಡತಿಯ ಎದುರು ಕೂತು, ಗಟ್ಟಿಯಾಗಿ ಓದತೊಡಗಿದರು. ಒಂದೊಂದು ಅಕ್ಷರಕ್ಕೂ ಬ್ರೇಕು. ಒಂದೊಂದು ಪದವಾದ ಮೇಲೂ ಅದನ್ನು ದಖನಿಯಲ್ಲಿ ಹೇಳುವುದು. ರಹಮತುನ್ನೀಸಾ ಸೊಪ್ಪನ್ನು ಮರೆತು, ಗಂಡನ ಬಾಯನ್ನೇ ನೋಡುತ್ತ ಕೂತರು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಬಾಯಿಂದ ಓದು ಬಂದದ್ದನ್ನು ಅವರು ನೋಡಿರಲಿಲ್ಲ. ನಾಲ್ಕನೆಯ ಸಾಲಿನ ನಡುವೆ ಓದು ನಿಂತಿತು.

"ಯಾಕೆ ನಿಲ್ಸಿದ್ರಿ?"

"ಇಲ್ಲೊಂದು ಅಕ್ಷರ ಇದೆ. ಈ ಅಕ್ಷರದ ಊರಿಗೆ ನಾನಿನ್ನೂ ಗಾಡಿ ಓಡ್ಸಿಲ್ಲ."

"ಅದಕ್ಯಾಕೆ ನಿಲ್ತೀರಿ? ಬೈಪಾಸಲ್ಲಿ ಹೋಗಿ" ಎಂದರು ರಹಮತುನ್ನೀಸಾ.

ರಜಾಕ್ ಸಾಬರು ಆ ಅಕ್ಷರವನ್ನು ಸುತ್ತುಹಾಕಿಕೊಂಡು ಮುಂದಕ್ಕೆ ಹೋದರು.